ದಾವಣಗೆರೆಯಲ್ಲಿ ಬಿಟ್ಟು ಬಂದ ಡಬ್ಬಿ

ಆ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಮೂರು ಮಂದಿ ಇದ್ದೆವು. ನಾನು, ನನ್ನ ಹೆಂಡತಿ ಗಿರಿಜಾ, ನನ್ನ ಚಿಗವ್ವ ನಾಗವ್ವ. ಮೊಬೈಲನ್ನೂ ಹಿಡಿದು ನಾಲ್ಕು ಮಂದಿ ಎನ್ನಬೇಕೆಂದು ಗಿರಿಜಾಳ ವಾದ. "ಅದು ಕೈಯಾಗ ಇದ್ದಾಗ ನೀವು ಅರ್ಧಾ ಇರತೀರಿ, ಅದು ಒಂದೂವರಿ ಇರತೈತಿ" ಎನ್ನುತ್ತಾಳೆ. ಇರಲಿ. ಕಟ್ಟೆ ಈಗಲೂ ಅಲ್ಲೇ ಇದೆ, ಮೊಬೈಲೂ ಇದೆ. ಎಣಿಸಿದರೆ ಒಬ್ಬರು ಕಡಿಮೆ ಬೀಳುತ್ತಾರೆ. ಆ ಕಡಿಮೆ ಬಿದ್ದವಳ ಕತೆಯನ್ನು ಹೇಳಲು ಕೂತಿದ್ದೇನೆ. ನಡುವೆ ನನ್ನ ಪೆದ್ದುತನಗಳು ಬಂದರೆ ನೀವು ನಗಬಹುದು, ಆಕೆಯೂ ನಗುತ್ತಿದ್ದಳು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ತಾಯಿ ಬೇಗ ಹೋದಳು. ನನ್ನನ್ನು ಬೆಳೆಸಿದವಳು ಈಕೆ, ಮಾತು ಕಲಿಸಿದವಳೂ ಈಕೆಯೇ. ಕುಂದಗೋಳದ ಬಸ್ ನಿಲ್ದಾಣದ ಬಾಜು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೊಲದ ಉತಾರವೋ, ಆಧಾರ್ ಕಾರ್ಡೋ, ಒಂದು ಇದ್ದದ್ದನ್ನು ಎರಡು ಮಾಡಿ ಕೊಡುವುದು ನನ್ನ ಉದ್ಯೋಗ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನಾನೊಂದು ಬ್ಲಾಗ್ ಬರೆಯತೊಡಗಿದೆ. ಅಲ್ಲಿಯೂ ನಾನು ಮಾಡಿದ್ದು ಝೆರಾಕ್ಸೇ. ಚಿಗವ್ವ ಕಟ್ಟೆಯ ಮೇಲೆ ಕೂತು ಹೇಳಿದ್ದನ್ನು ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೆ: ಆಕೆ ಸೊಸೆಯಾಗಿ ಬಂದ ದಿನ ಎಮ್ಮೆ ಹಾಯ್ದದ್ದು, ಅತ್ತೆಯ ಕಣ್ಣು ತಪ್ಪಿಸಿ ಬೆಲ್ಲ ತಿಂದದ್ದು. ಓದುವವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬ ನಾನೇ, ಅಂಗಡಿಯ ಇನ್ನೊಂದು ಮೊಬೈಲಿನಿಂದ.

ಆ ಸಂಜೆ ನಾನು ಅಂತರ್ಜಾಲದಲ್ಲಿ ಸಿಕ್ಕ ಒಂದು ಬೋಧನೆಯನ್ನು ಅವರಿಬ್ಬರಿಗೆ ಓದಿ ಹೇಳುತ್ತಿದ್ದೆ. ಹೆಸರಾಂತ ಬ್ಲಾಗ್ ಬರಹಗಾರರ ಜೊತೆ ನಿಜವಾದ ಸ್ನೇಹ ಬೆಳೆಸುವುದು ಹೇಗೆ ಎಂಬುದು ಅದರ ವಿಷಯ. ಏನನ್ನೂ ಕೇಳಬೇಡಿ, ಮೊದಲು ಕೊಡಿ. ಬರಹವನ್ನು ಪೂರ್ತಿ ಓದಿ, ಮೆಚ್ಚಿದ ಜಾಗವನ್ನು ಗುರುತಿಸಿ ಬರೆಯಿರಿ. ತಾಳ್ಮೆ ಇರಲಿ. ಹೀಗೆ ಮಾಡಿದರೆ ಒಂದು ದಿನ ಅವರೇ ನಿಮ್ಮ ಬ್ಲಾಗಿಗೆ ಬರುತ್ತಾರೆ, ಅವರ ಹಿಂದೆ ಅವರ ಸಾವಿರಾರು ಓದುಗರು ಬರುತ್ತಾರೆ.

ಚಿಗವ್ವ ಪೂರ್ತಿ ಕೇಳಿ, "ಸಾವಿರಾರು ಮಂದಿ ಬಂದ್ರ ಚಾ ಯಾರ ಮಾಡವ್ರು?" ಎಂದಳು.

"ಮನಿಗೆ ಅಲ್ಲಬೇ, ಬ್ಲಾಗಿಗೆ."

"ಮನಿಗೆ ಬರಲಾರದವ್ರು ಎಂಥಾ ಮಂದಿಲೇ ಈರ್ಯಾ?"

ನಾನು ಆರಿಸಿಕೊಂಡ ಹೆಸರಾಂತ ಬರಹಗಾರ್ತಿ ಮಂದಾಕಿನಿ ಎಂಬವರು. ಮೈಸೂರು ಕಡೆಯವರು, ನೌಕರಿಗಾಗಿ ದಾವಣಗೆರೆಯಲ್ಲಿ ನೆಲೆಸಿದವರು. ‘ಕಿಟಕಿ ಬದಿಯ ಸೀಟು’ ಎಂಬುದು ಅವರ ಬ್ಲಾಗು. ಮನೆಯೆದುರಿನ ಪಾರಿಜಾತ, ಓಣಿಯ ಹಿಟ್ಟಿನ ಗಿರಣಿ, ಬಾಜು ಮನೆಯ ಹಳದಿ ಗೇಟು, ಇಂಥವುಗಳ ಮೇಲೆ ಬರೆದು ಸಾವಿರಾರು ಜನರನ್ನು ಅಳಿಸಿ ನಗಿಸುತ್ತಿದ್ದರು. ಬೋಧನೆಯ ಪ್ರಕಾರ ನಾನು ಅವರ ಹಳೆಯ ಬರಹಗಳನ್ನೂ ಒಂದಷ್ಟು ಓದಿದೆ. ಬೋಧನೆಯ ಪ್ರಕಾರವೇ ಮೆಚ್ಚುಗೆ ಬರೆದೆ. ಆದರೆ ನಮ್ಮ ಕಡೆಯ ರೂಢಿ ಎಲ್ಲಿ ಬಿಡುತ್ತದೆ? ಯಾರನ್ನಾದರೂ ಊಟ ಆತೇನು ಎಂದು ಕೇಳದೆ ಮಾತು ಮುಗಿಸಿದರೆ ನನಗೆ ಅಂಗಿಯ ಗುಂಡಿ ಹಾಕದೆ ಹೊರಗೆ ಬಿದ್ದಂತೆ ಆಗುತ್ತದೆ. ಹೀಗಾಗಿ ಎಲ್ಲರೂ "ಅದ್ಭುತ", "ಮನಮುಟ್ಟಿತು" ಎಂದು ಬರೆದಲ್ಲಿ ನಾನು, "ನಿಮ್ಮ ಮೂರನೆಯ ಪ್ಯಾರಾ ಭಾಳ ಚಲೋ ಐತಿ ಅಕ್ಕಾರ. ಊಟ ಆತೇನ್ರಿ?" ಎಂದು ಬರೆಯುತ್ತಿದ್ದೆ. ಬೆಳಗಿನ ಬರಹವಾದರೆ ನಾಷ್ಟಾ.

ಬಹಳ ದಿನಗಳ ಮೇಲೆ ಒಮ್ಮೆ ಅವರು ನನ್ನ ಮಾತಿಗೆ ಕೆಂಪು ಹೃದಯದ ಗುರುತು ಒತ್ತಿದರು. ನಾನು ಅಂಗಡಿಗೆ ಬೀಗ ಹಾಕಿ ಮನೆಗೆ ಓಡಿ ಬಂದೆ.

ಚಿಗವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಏನಿದು?"

"ಎದಿ ಬೇ. ಆಕಿ ಕೊಟ್ಟಾಳ."

"ಮಾತಾಡ್ಯಾಳೇನು?"

"ಇಲ್ಲ."

"ಊಟ ಆತಂತ ಹೇಳ್ಯಾಳೇನು?"

"ಇಲ್ಲ."

"ಹಂಗಾರ ಆಕಿ ಎದಿ ತಗೊಂಡು ನೀ ಏನ ಮಾಡ್ತಿ? ಪಾಪ, ಆಕಿಗೆ ಬೇಕಾಗತೈತಿ, ತಿರುಗಿ ಕೊಡು."

ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅದು ನನ್ನ ನಗೆಪಾಟಲಿನ ಆರಂಭ ಮಾತ್ರ.

ಮುಂದೆ ಒಂದು ಬೆಳಿಗ್ಗೆ ಮಂದಾಕಿನಿಯವರ ಹೊಸ ಬರಹ ಕಂಡಿತು. ಚಹಾ ಕುಡಿಯುತ್ತ ಗಟ್ಟಿಯಾಗಿ ಓದಿದೆ. "ಅಮ್ಮ ಹೋದರು. ಮನೆಯಲ್ಲಿ ಒಲೆ ಹಚ್ಚಿಲ್ಲ. ಯಾರಿಗೂ ಹಸಿವಿಲ್ಲ ಎಂದು ಎಲ್ಲರೂ ಹೇಳುತ್ತಿದ್ದೇವೆ." ಅಷ್ಟೇ ಇತ್ತು. ಕೆಳಗೆ ಆಗಲೇ ಕೈಮುಗಿದ ಚಿತ್ರಗಳ ಸಾಲು. ನಾನೂ ಒಂದು ಹೂವಿನ ಚಿತ್ರ ಹುಡುಕತೊಡಗಿದೆ.

ತಲೆ ಎತ್ತಿ ನೋಡುತ್ತೇನೆ, ಚಿಗವ್ವ ಕಟ್ಟೆಯ ಮೇಲಿಲ್ಲ. ಒಳಗೆ ಜೋಳದ ಹಿಟ್ಟು ನಾದುತ್ತ ಕೂತಿದ್ದಾಳೆ.

"ಏನ ಮಾಡಾಕತ್ತಿಬೇ?"

"ಒಲಿ ಹಚ್ಚಿಲ್ಲಂತ ಹೇಳಿ ಕಳಿಸ್ಯಾಳ. ನೀ ಹೂವಿನ ಚಿತ್ರ ಕೊಡವ. ಅದನ್ನ ಉಣ್ಣಾಕ ಬರತೈತೇನು?"

"ಆಕಿ ನಮಗ ಹೇಳಿ ಕಳಿಸಿಲ್ಲ. ಎಲ್ಲಾರಿಗೂ ಹೇಳ್ಯಾಳ."

"ಎಲ್ಲಾರೊಳಗ ನಾವಿಲ್ಲೇನು?"

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆರೆಯವರು, ಬೀಗರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಎದುರು ಕೂತು, ಒಲ್ಲೆ ಎಂದವರಿಗೂ ಎರಡು ತುತ್ತು ಉಣ್ಣಿಸಿ ಬರುತ್ತಾರೆ. ಚಿಗವ್ವ ಆ ರೂಢಿಯಲ್ಲಿ ಎಂದೂ ತಪ್ಪಿದವಳಲ್ಲ. ಮಾತು ಬಿಟ್ಟ ಮನೆಗೂ ಬುತ್ತಿ ಒಯ್ದವಳು. ನಾನು ಆಕೆಗೆ ಜಾಲದ ಸ್ನೇಹ ಬೇರೆ, ಊರಿನ ಸ್ನೇಹ ಬೇರೆ ಎಂದು ತಿಳಿಸಿ ಹೇಳುವಷ್ಟರಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿತ್ತು. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರನ್ನ. ಎಲ್ಲವೂ ಆಕೆಯ ದೊಡ್ಡ ಸ್ಟೀಲ್ ಡಬ್ಬಿಗೆ ಹೋದವು. ಆ ಡಬ್ಬಿಯ ಮುಚ್ಚಳದ ಮೇಲೆ ‘ನಾಗವ್ವ’ ಎಂದು ಕೊರೆಸಿದ ಹೆಸರಿತ್ತು. ಲಗ್ನದಲ್ಲಿ ಬಂದದ್ದು.

"ಹೋಗೂಣು ನಡಿ" ಎಂದಳು.

ರೈಲಿನಲ್ಲಿ ದಾರಿಯುದ್ದಕ್ಕೂ ಡಬ್ಬಿ ಆಕೆಯ ತೊಡೆಯ ಮೇಲಿತ್ತು. ನಾನು ಹಿಡಿಯುತ್ತೇನೆಂದರೂ ಕೊಡಲಿಲ್ಲ. ದಾವಣಗೆರೆಯಲ್ಲಿ ವಿಳಾಸದ ತೊಂದರೆ ಆಗಲಿಲ್ಲ. ಓಣಿಯ ಹೆಸರು, ಗಿರಣಿ, ಹಳದಿ ಗೇಟು, ಪಾರಿಜಾತ, ಅವರೇ ಬರೆದಿದ್ದರಲ್ಲ. ಮನೆಯ ಮುಂದೆ ನಿಂತಾಗ ಮಾತ್ರ ನನಗೆ ಅನುಮಾನ ಬಂದಿತು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಯಾರೋ ರೇಡಿಯೋ ಹಚ್ಚಿದ್ದರು.

ಬಾಗಿಲು ತೆರೆದವರು ಮಂದಾಕಿನಿಯೇ. ಕೈಯಲ್ಲಿ ಸೌಟು. "ಯಾರು ಬೇಕಿತ್ತು?" ಎಂದು ಅವರು ಕೇಳುವ ಮೊದಲೇ ಚಿಗವ್ವ ಅವರ ಎರಡೂ ಕೈಗಳನ್ನು, ಸೌಟಿನ ಸಮೇತ, ಹಿಡಿದುಕೊಂಡು, "ಎಂಥಾ ತಾಯಿನ್ನ ಕಳಕೊಂಡಿ ನನ್ನ ಮಗಳ" ಎಂದು ದನಿ ತೆಗೆದು ಅತ್ತುಬಿಟ್ಟಳು. ನಮ್ಮಲ್ಲಿ ಹಾಗೆಯೇ. ಆಮೇಲೆ ಪರಿಚಯ, ಮೊದಲು ಅಳು.

ಮಂದಾಕಿನಿ ನನ್ನ ಮುಖ ನೋಡಿದರು. ನಾನು ಕುಂದಗೋಳ, ಬ್ಲಾಗು, ಮೂರನೆಯ ಪ್ಯಾರಾ ಎಂದು ಏನೇನೋ ತೊದಲಿದೆ.

"ಊಟ ಆತೇನ್ರಿ ಅಂತ ಕೇಳೋರು ನೀವೇನಾ?" ಎಂದರು.

"ಹೌದ್ರಿ."

ಅವರಿಗೆ ಈಗ ಸ್ವಲ್ಪ ಅರ್ಥವಾಯಿತು. ಮೆಲ್ಲಗೆ, ನಮಗೆ ನೋವಾಗಬಾರದು ಎಂಬಂತೆ ಹೇಳಿದರು. "ಅದು ಹಳೇ ಬರಹ ಕಣ್ರೀ. ಅಮ್ಮ ಹೋಗಿ ಆರು ವರ್ಷ ಆಯ್ತು. ಪ್ರತಿ ವರ್ಷ ಆ ದಿನ ಬಂದಾಗ ಮತ್ತೆ ಹಾಕ್ತೀನಿ. ಮೇಲೆ ತಾರೀಕು ಇತ್ತಲ್ಲ."

ಇತ್ತಂತೆ. ಸಣ್ಣ ಅಕ್ಷರದಲ್ಲಿ. ದಿನವಿಡೀ ಊರಿನವರ ಕಾಗದಪತ್ರಗಳ ತಾರೀಕು ನೋಡಿ ನೋಡಿ ಕೊಡುವ ನಾನು ಅದನ್ನು ನೋಡಿರಲಿಲ್ಲ. ಆ ಪಾರಿಜಾತದ ಬುಡದಲ್ಲಿ ಒಂದು ತಗ್ಗು ಇದ್ದಿದ್ದರೆ ಇಳಿದು ಮಣ್ಣು ಎಳೆದುಕೊಳ್ಳುತ್ತಿದ್ದೆ. ಚಿಗವ್ವನ ಕಡೆ ತಿರುಗಿ, "ಹೋಗೂಣು ಬಾಬೇ" ಎಂದೆ.

ಆಕೆ ಅಲುಗಲಿಲ್ಲ. ಕಣ್ಣು ಒರೆಸಿಕೊಂಡು ಮಂದಾಕಿನಿಯನ್ನು ಕೇಳಿದಳು. "ಆರ ವರ್ಷದ ಹಿಂದ, ಅವತ್ತ, ಬುತ್ತಿ ಯಾರರ ತಂದಿದ್ರೇನವಾ?"

ಮಂದಾಕಿನಿ ಡಬ್ಬಿಯ ಕಡೆ ನೋಡಿದರು. "ಇಲ್ಲ. ಹೋಟೆಲಿಂದ ತರಿಸಿದ್ವಿ. ಪೊಟ್ಟಣ ಬಿಚ್ಚಲೇ ಇಲ್ಲ."

"ಹಂಗಾರ ನಾವು ತಡಾ ಮಾಡೇವಿ, ಅಷ್ಟ. ಕುಂದರು. ಉಣ್ಣು."

ಸಾವಿರಾರು ಓದುಗರನ್ನು ಅಳಿಸಿದ ಆ ಹೆಣ್ಣುಮಗಳು ಸೌಟನ್ನು ಪಕ್ಕಕ್ಕಿಟ್ಟು, ನೆಲದ ಮೇಲೆ ಕೂತು, ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟುಕೊಂಡು ಅತ್ತರು. ಚಿಗವ್ವ ಬೆನ್ನು ಸವರುತ್ತ, ನಡುನಡುವೆ "ಪಲ್ಯಾ ಹಚಗೋ, ಖಾರ ಇಲ್ಲ" ಎನ್ನುತ್ತಿದ್ದಳು. ನಾನು ಅವರ ರೇಡಿಯೋ ಆರಿಸುವುದು ಹೇಗೆಂದು ಹುಡುಕುತ್ತಿದ್ದೆ.

ಹಿಂತಿರುಗುವಾಗ ರೈಲು ಹರಿಹರ ದಾಟಿದ ಮೇಲೆ ನೆನಪಾಯಿತು. "ಚಿಗವ್ವಾ, ಡಬ್ಬಿ ಮರತಿ ನೋಡು."

"ಮರತಿಲ್ಲ. ಬಿಟ್ಟ ಬಂದೇನಿ."

"ಯಾಕ?"

"ತಿರುಗಿ ಕೊಡಾಕ ಬರಬೇಕಲ್ಲ ಆಕಿ? ಬಂದ್ರ ನಮ್ಮ ಮನಿ ನೋಡತಾಳ, ನಾಕ ದಿನ ಇರತಾಳ. ನೀ ತಿಂಗಳಗಟ್ಲೆ ಪ್ಯಾರಾ ಎಣಿಸಿದಿ, ಬಂದ್ಲೇನು?"

ಬೋಧನೆಯಲ್ಲಿ ಈ ಉಪಾಯ ಇರಲಿಲ್ಲ. ಫಲ ಕೊಟ್ಟಿದ್ದು ಮಾತ್ರ ಇದೇ. ವಾರದೊಳಗೆ, ನಾನು ಕೊಟ್ಟು ಬಂದ ನಂಬರಿಗೆ ಮಂದಾಕಿನಿಯವರ ಫೋನು ಬಂದಿತು. ನಾನು ಗಂಟಲು ಸರಿಮಾಡಿಕೊಂಡು, ನನ್ನ ಬ್ಲಾಗಿನ ಬಗ್ಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುವಷ್ಟರಲ್ಲಿ, "ಚಿಗವ್ವಂಗೆ ಕೊಡ್ತೀರಾ?" ಎಂದರು. ಅಂದಿನಿಂದ ಅದೇ ಪಾಠ. ಹೆಸರಾಂತ ಬರಹಗಾರ್ತಿಯ ಜೊತೆ ನಿಜವಾದ ಸ್ನೇಹ ನಮ್ಮ ಮನೆಯಲ್ಲಿ ಬೆಳೆಯಿತು. ನನ್ನ ಕೆಲಸ ಮೊಬೈಲು ಹಿಡಿದುಕೊಂಡು ಹೋಗಿ ಕೊಡುವುದು. ಚಿಗವ್ವ ಫೋನಿನಲ್ಲೇ ರೊಟ್ಟಿ ಕಲಿಸುತ್ತಿದ್ದಳು. "ನೀರು ಕುದಿಬೇಕವಾ. ಅಂಚು ಸೀಳಿದ್ರ ಸೀಳಲಿ, ಹೊಟ್ಟಿಗೆ ಗೊತ್ತಾಗೂದಿಲ್ಲ." ಮಾತಿನ ಕೊನೆಗೆ ಪ್ರತಿ ಸಲ ಆ ಕಡೆಯಿಂದ ಒಂದೇ ಮಾತು: "ನಿಮ್ಮ ಡಬ್ಬಿ ನನ್ನ ಹತ್ರಾನೇ ಇದೆ. ಬಂದು ಕೊಡ್ತೀನಿ."

ಅವರಿಗೆ ನೌಕರಿ, ರಜೆ ಸಿಗುತ್ತಿರಲಿಲ್ಲ. ಬೇಸಿಗೆಗೆ ಅಂದದ್ದು ಶ್ರಾವಣಕ್ಕೆ ಹೋಯಿತು, ಶ್ರಾವಣದ್ದು ದೀಪಾವಳಿಗೆ. ಚಿಗವ್ವ ಮಧ್ಯಾಹ್ನದ ಗಾಡಿಯ ಹೊತ್ತಿಗೆ ಕಟ್ಟೆಗೆ ಬಂದು ಕೂಡುತ್ತಿದ್ದಳು. ಕೇಳಿದರೆ ಬಿಸಿಲಿಗೆ ಮೈ ಕಾಯಿಸುತ್ತೇನೆ ಎನ್ನುತ್ತಿದ್ದಳು, ಬೇಸಿಗೆಯಲ್ಲಿಯೂ. ಗಿರಿಜಾ ಒಮ್ಮೆ, "ಕೋರಿಯರ್ ಮಾಡಂತ ಹೇಳೂಣೇನ್ರಿ?" ಎಂದದ್ದಕ್ಕೆ, "ಡಬ್ಬಿ ಯಾರಿಗೆ ಬೇಕಾಗೇತಿ?" ಎಂದು ಚಿಗವ್ವ ಗದರಿದಳು.

ಚಳಿಗೆ ಚಿಗವ್ವನಿಗೆ ಕೆಮ್ಮು ಹತ್ತಿತು, ಎದೆಗೆ ಇಳಿಯಿತು. ಹುಬ್ಬಳ್ಳಿಯ ಡಾಕ್ಟರು ಔಷಧ ಬರೆದು, ನನ್ನನ್ನು ಹೊರಗೆ ಕರೆದು, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿರಿ ಎಂದರು. ನಾನು ಮಂದಾಕಿನಿಯವರಿಗೆ ಫೋನು ಮಾಡಲು ಹೊರಟೆ. ಚಿಗವ್ವ ಕೈ ಹಿಡಿದಳು.

"ಹೇಳಬ್ಯಾಡ."

"ಯಾಕಬೇ? ಹೇಳಿದ್ರ ನಾಳೆನ ಬರತಾಳ."

"ಜಡ್ಡ ನೋಡಾಕ ಬರತಾಳ. ಆಕಿ ಡಬ್ಬಿ ಕೊಡಾಕ ಬರಲಿ. ನಗ್ಯಾಡಕೋಂತ ಬರಲಿ."

ಆ ವಾರ ಫೋನು ಬಂದಾಗ ಚಿಗವ್ವ ಕೆಮ್ಮನ್ನು ಸೆರಗಿನಲ್ಲಿ ಹಿಡಿದುಕೊಂಡು ಮಾತಾಡಿದಳು. ಯುಗಾದಿಗೆ ಖಂಡಿತ ಬರುತ್ತೇನೆಂದು ಆ ಕಡೆಯಿಂದ ಹೇಳಿದ್ದು ನನಗೂ ಕೇಳಿಸಿತು. "ಬಾರವಾ, ಅವಸರ ಇಲ್ಲ" ಎಂದಳು ಚಿಗವ್ವ. ಯುಗಾದಿಯವರೆಗೆ ಆಕೆ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ನಾನು ನನ್ನ ಬ್ಲಾಗಿನಲ್ಲಿ ನಾಲ್ಕು ಸಾಲು ಬರೆದೆ. ಆಕೆಯ ಮಾತಿನ ಝೆರಾಕ್ಸ್ ಅಲ್ಲದ ನನ್ನ ಮೊದಲ ಬರಹ ಅದು. ಎಂದೂ ಬಾರದ ಮಂದಿ ಬಂದರು; ಓಂ ಶಾಂತಿ, ಕೈಮುಗಿದ ಚಿತ್ರಗಳು. ಒಳಗೆ ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಿದ್ದರೆ ನಾನು ಮೂಲೆಯಲ್ಲಿ ಕೂತು ಯಾರು ಯಾರು ಬರೆದರೆಂದು ನೋಡುತ್ತಿದ್ದೆ. ಮಂದಾಕಿನಿ ಮಾತ್ರ ಏನೂ ಬರೆದಿರಲಿಲ್ಲ. ಒಂದು ಕೆಂಪು ಹೃದಯವೂ ಇಲ್ಲ. ಫೋನು ಹಚ್ಚಿದರೆ ಎತ್ತಲಿಲ್ಲ. ದೊಡ್ಡವರ ಸ್ನೇಹ ಇಷ್ಟೇ ಎಂದು ಗಿರಿಜಾಳ ಮುಂದೆ ಕಹಿಯಾಗಿ ಆಡಿದೆ.

ಮರುದಿನ ಮಧ್ಯಾಹ್ನದ ಗಾಡಿ ಹೋದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಯಾರೋ ನಿಂತರು. ನಾನು ಆಗಲೂ ಮೊಬೈಲು ನೋಡುತ್ತಿದ್ದೆ. ಹೊಸ್ತಿಲಾಚೆಯ ಚಪ್ಪಲಿ ಕಂಡಿತೇ ಹೊರತು ಮುಖ ಕಾಣಲಿಲ್ಲ. ಗಿರಿಜಾ ಎದ್ದು ಹೋದಳು. ಮಂದಾಕಿನಿ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು.

"ಓದಿದೆ. ಏನು ಬರೀಬೇಕು ಗೊತ್ತಾಗ್ಲಿಲ್ಲ. ಹಿಟ್ಟು ಕಲಸ್ದೆ" ಎಂದರು. ಆಮೇಲೆ, "ಬರೋದು ತಡ ಆಯ್ತು."

"ತಡಾ ಆಗೇತ್ರಿ, ಅಷ್ಟ" ಎಂದಳು ಗಿರಿಜಾ. "ಬರ್ರಿ, ಒಳಗ ಬರ್ರಿ."

ಅವರಿಗೆ ನಮ್ಮಂತೆ ದನಿ ತೆಗೆದು ಅಳಲು ಬರಲಿಲ್ಲ. ಚಿಗವ್ವ ಮಲಗುತ್ತಿದ್ದ ಜಾಗವನ್ನು ಕೇಳಿ ಅಲ್ಲಿ ಕೂತರು. ರೊಟ್ಟಿ ದಪ್ಪಗಿದ್ದವು, ಅಂಚೆಲ್ಲ ಸೀಳಿತ್ತು. ನನಗೆ ಹಸಿವಿಲ್ಲ ಎಂದೆ. ಅವರು ಮುರಿದು ನನ್ನ ಕೈಗಿಟ್ಟು, ತಿನ್ನುವವರೆಗೆ ಎದುರಿಗೆ ಕೂತರು. ನನ್ನ ಬ್ಲಾಗಿಗೆ ಅವರು ಈ ಹೊತ್ತಿಗೂ ಒಂದು ಮಾತು ಬರೆದಿಲ್ಲ. ನಾನೂ ಕೇಳಿಲ್ಲ.

ಸಂಜೆ ಅವರು ಹೊರಟಾಗ ಗಿರಿಜಾ ಡಬ್ಬಿಯನ್ನು ತೊಳೆದು, ಒರೆಸಿ, ಅವರ ಕೈಗೇ ಕೊಟ್ಟಳು. ಮಂದಾಕಿನಿ ಮುಚ್ಚಳದ ಮೇಲಿನ ಹೆಸರನ್ನೊಮ್ಮೆ ನೋಡಿದರು. ಬೇಡ ಎನ್ನಲಿಲ್ಲ. ನಾನು ಅವರನ್ನು ಸ್ಟೇಶನ್ನಿಗೆ ಬಿಡಲು ಹೋದೆ. ಗಾಡಿ ಬಂದಿತು, ಹತ್ತಿದರು. ಕಿಟಕಿ ಬದಿಯ ಸೀಟೇ ಸಿಕ್ಕಿತು. ಗಾಡಿ ಬಿಡುವಾಗ ಡಬ್ಬಿ ಅವರ ತೊಡೆಯ ಮೇಲಿತ್ತು.