ಹದಿನೇಳನೆಯ ನಂಬರಿನ ಪುಸ್ತಕ

ಗುಟ್ಟು ಕಾಪಾಡುವ ವಿಷಯದಲ್ಲಿ ಮನುಷ್ಯರಿಗಿಂತ ಯಂತ್ರವೇ ವಾಸಿ ಎಂದು ನಾನೀಗ ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಮನುಷ್ಯರು ಎಂದರೆ ಬೇರೆ ಯಾರೂ ಅಲ್ಲ, ನಾನೇ.

ಪುತ್ತಿಗೆಯ ನಮ್ಮ ಮನೆಗೆ ಮಾಣಿಯಿಂದ ಅಶ್ವಿನಿ ಎಂಬ ಹುಡುಗಿ ಬಂದಿದ್ದಳು. ನಡುವಯಸ್ಸಿನ ಹೆಂಗಸರು ಮೊಬೈಲನ್ನು ಹೇಗೆ ಬಳಸುತ್ತಾರೆ ಎಂಬುದು ಅವಳ ಸಂಶೋಧನೆ. ನನ್ನ ಫೋನಿಗೆ ಒಂದು ಆ್ಯಪ್ ಹಾಕಿ, "ಎಷ್ಟು ಸಲ ತೆರೆದಿರಿ, ಎಷ್ಟು ಹೊತ್ತು ನೋಡಿದಿರಿ, ಇದಕ್ಕೆ ಗೊತ್ತಾಗುವುದು ಅಷ್ಟೇ ಅಕ್ಕಾ. ಮೆಸೇಜು, ಫೋಟೋ ಎಂತದೂ ಕಾಣುವುದಿಲ್ಲ. ನಿಮ್ಮ ಹೆಸರೂ ಇಲ್ಲ, ನೀವು ಬರೀ ಹದಿನೇಳು" ಎಂದಳು. ಐವತ್ತೆರಡರಲ್ಲಿ ಹದಿನೇಳಾಗುವುದು ಯಾರಿಗೆ ಬೇಡ? ಸಹಿ ಹಾಕಿದೆ. ಇನ್ನೊಬ್ಬರು ಬೇಕೆಂದಾಗ ಬೆಳ್ತಂಗಡಿಯ ನಾದಿನಿ ಸುಮತಿಯ ಹೆಸರನ್ನೂ ನಾನೇ ಕೊಟ್ಟೆ.

ಪ್ರತಿ ಸಲ ಫೋನ್ ತೆರೆದ ಕಾರಣವನ್ನು ಒಂದೊಂದು ಶಬ್ದದಲ್ಲಿ ಬರೆಯಲು ಅಶ್ವಿನಿ ಒಂದು ಪುಸ್ತಕ ಕೊಟ್ಟಿದ್ದಳು. ಗ್ಯಾಸ್ ಸಿಲಿಂಡರ್ ಬದಲಿಸಿದ್ದು, ಬೆಕ್ಕು ಮರಿ ಹಾಕಿದ್ದು ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುವ ನನಗೆ ಒಂದು ಶಬ್ದ ಎಲ್ಲಿ ಸಾಕಾದೀತು? "10.20: ಸುಮತಿಯ ಸ್ಟೇಟಸ್. ಹೊಸ ಸೀರೆ. ಬಣ್ಣ ಅವಳಿಗೆ ಒಪ್ಪುವುದಿಲ್ಲ. 10.35: ಪುನಃ ಅದೇ ಸೀರೆ, ದೊಡ್ಡದು ಮಾಡಿ ನೋಡಿದ್ದು." ಹದಿನೈದು ದಿನವೂ ಹೀಗೆಯೇ. ರಟ್ಟಿನ ಮೇಲೆ ಚಂದದ ಅಕ್ಷರದಲ್ಲಿ ನನ್ನ ಹೆಸರು.

ಅವಧಿ ಮುಗಿದ ದಿನ ಅಶ್ವಿನಿ ಬಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ ಮೇಲೆ ನನಗೆ ಹೊಳೆಯಿತು, ಅವಳು ಹೋಗುವುದು ನೇರ ಸುಮತಿಯ ಮನೆಗೆ.

"ಇನ್ನು ಎಂತ ಮಾಡುವುದು ಮಾರಾಯ್ರೆ?" ಎಂದು ಗಂಡನಲ್ಲಿ ಕೇಳಿದೆ.

"ಸುಮತಿ ಇಲ್ಲಿಗೆ ಬರುವುದು ನಿಂತಿತು ಅಂತ ತಿಳ್ಕೊ. ನಿಮ್ಮಿಬ್ಬರ ಮಧ್ಯೆ ನಾನಿಲ್ಲ" ಎಂದರು.

ನನ್ನ ಕಾಲು ಮುರಿದಾಗ ಒಂದು ತಿಂಗಳು ನಿಂತು ಗಂಜಿ ಬೇಯಿಸಿ ಕೊಟ್ಟವಳು ಸುಮತಿ. ಅಂಥವಳ ಸೀರೆಗೆ ನಾನು ಹೆಸರಿಟ್ಟಿದ್ದೆ. ಅಶ್ವಿನಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಎಣಿಸಿ ಎಣಿಸಿ ಆ ಆ್ಯಪಿಗೂ ಸುಸ್ತಾಗಿರಬೇಕು.

ಮರುದಿನ ಬೆಳಿಗ್ಗೆ ಅವಳೇ ಪುಸ್ತಕ ಹಿಡಿದುಕೊಂಡು ಬಂದಳು. "ಬಸ್ಸಿನಲ್ಲಿ ರಟ್ಟಿನ ಮೇಲೆ ಹೆಸರು ನೋಡಿದ ಕೂಡಲೇ ತಿರುಗಿ ಚೀಲಕ್ಕೆ ಹಾಕಿದೆ ಅಕ್ಕಾ. ಹೆಸರಿದ್ದದ್ದನ್ನು ನಾವು ಓದುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ."

"ಸುಮತಿ ನೋಡ್ಲಿಲ್ಲವಾ?"

"ಅಲ್ಲಿ ಚೀಲದಿಂದ ಹೊರಗೇ ತೆಗೀಲಿಲ್ಲ."

ಹೋದ ಜೀವ ಬಂದಂತಾಯಿತು. ಬೇಡ ಬೇಡವೆಂದರೂ ಅವಳಿಗೆ ಎರಡು ನೀರುದೋಸೆ ಹೆಚ್ಚೇ ಬಡಿಸಿದೆ. ಅವಳು ಕೈ ತೊಳೆದು ಬಂದಾಗ ಮೆಲ್ಲನೆ ಕೇಳಿದೆ: "ಸುಮತಿಯೂ ಪುಸ್ತಕ ಬರೆದಿದ್ದಾಳಾ? ಅದರಲ್ಲಿ ನನ್ನ ವಿಷಯ ಎಂತಾದರೂ ಉಂಟಾ?"

"ಅದು ಹೇಳುವ ಹಾಗಿಲ್ಲ ಅಕ್ಕಾ."

ಗುಟ್ಟನ್ನು ಇಷ್ಟು ಬಿಗಿಯಾಗಿ ಕಾಪಾಡುವ ಅಗತ್ಯವಾದರೂ ಏನು ಎಂದು ನನಗೆ ಆಗ ಮೊದಲ ಸಲ ಅನ್ನಿಸಿತು.