ಎರಡನೇ ಚಾ ಮತ್ತು ಪರಿಸ್ಥಿತಿ

ಜಗತ್ತಿನ ಯಾವ ಮೂಲೆಯಲ್ಲಿ ಯುದ್ಧವಾದರೂ ಅದರ ಮೊದಲ ಗಾಯಾಳು ಡೊಂಬಿವಲಿಯಲ್ಲಿರುತ್ತಾರೆ. ಅವರು ನನ್ನ ಸೋದರಮಾವ! ನೀವು ನಗಬಹುದು. ಆದರೆ ಕೊಲ್ಲಿಯಲ್ಲಿ ಒಂದು ಬಾಂಬು ಬಿದ್ದರೆ ನಮ್ಮ ಮಾವನಿಗೆ ಎದೆಯುರಿ, ದಿಲ್ಲಿಯಲ್ಲಿ ಯಾರೋ ಮಂತ್ರಿ ಸೀನಿದರೆ ಮಾವನಿಗೆ ನೆಗಡಿ. ಹಾಗಂತ ಅವರಿಗೆ ಕೊಲ್ಲಿಯಲ್ಲಿ ನೆಂಟರಿಲ್ಲ, ದಿಲ್ಲಿಯಲ್ಲಿ ಗುರುತಿನವರಿಲ್ಲ. ಇರುವುದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಒಂದು ಗಂಟು ಮಾತ್ರ.

ಠಾಣೆಯ ಮಾಜಿವಾಡಾದಲ್ಲಿ ನಮ್ಮ ಊರಿನವರೊಬ್ಬರ ಉಡುಪಿ ಹೋಟೆಲಿತ್ತು. ಮಾವ ಅದರ ಗಲ್ಲಾದ ಮೇಲೆ ಕೂತೇ ಹರೆಯ ಕಳೆದರು, ಕೂದಲೂ ಕಳೆದರು. ಧಣಿಗಳು ಇನ್ನು ಸಾಕೆಂದು ಹೋಟೆಲು ಮುಚ್ಚಿದಾಗ ಮಾವನ ಕೈಗೆ ಬಂದದ್ದು ಒಂದಿಷ್ಟು, ಅತ್ತೆ ಜೀವಮಾನವಿಡೀ ಸೆರಗಿನ ತುದಿಯಲ್ಲಿ ಕಟ್ಟಿ ಉಳಿಸಿದ್ದು ಒಂದಿಷ್ಟು. ಎರಡೂ ಸೇರಿ ಆ ಗಂಟು. ಅದನ್ನು ಎಲ್ಲಿ ಹಾಕುವುದು? ಈ ಒಂದು ಪ್ರಶ್ನೆ ಎದ್ದ ಮೇಲೆ ನಮ್ಮ ಕುಟುಂಬದಲ್ಲಿ ಎರಡು ಮದುವೆ, ಒಂದು ವಿಚ್ಛೇದನ ಆಗಿಹೋಗಿವೆ. ಉತ್ತರ ಮಾತ್ರ ಸಿಕ್ಕಿರಲಿಲ್ಲ.

ನನ್ನ ಮನೆ ಕೋಪರಖೈರಣೆಯಲ್ಲಿ, ಕೆಲಸ ವಾಶಿಯ ಬ್ಯಾಂಕೊಂದರಲ್ಲಿ. ಮಾವ ಲೋಕಲ್ ಟ್ರೇನಿನಲ್ಲಿ ಕಡಲೆ ಮಾರುವವನ ಸಲಹೆಯನ್ನೂ ಕೇಳಿದ್ದಾರೆ, ನನ್ನ ಸಲಹೆಯನ್ನು ಕೇಳಿಲ್ಲ. ಒಮ್ಮೆ ತಡೆಯಲಾರದೆ ಯಾಕೆಂದು ನಾನೇ ಕೇಳಿದೆ.

"ನಿನ್ನ ಹತ್ರ ಕೇಳಿದ್ರೆ ಬ್ಯಾಂಕಲ್ಲೇ ಇಡಿ ಅಂತೀಯ," ಎಂದರು. "ಇಡ್ಲಿ ಹೇಗುಂಟು ಅಂತ ಅಡುಗೆ ಭಟ್ಟರ ಹತ್ರವೇ ಕೇಳ್ತಾರಾ ಮಾರಾಯ್ತಿ?"

ಅತ್ತೆಗೆ ಇಂಥ ಗೊಂದಲವೇ ಇರಲಿಲ್ಲ. ಅವರ ಮನೆಯಿರುವುದು ಲಿಫ್ಟಿಲ್ಲದ ಹಳೇ ಕಟ್ಟಡದ ನಾಲ್ಕನೇ ಮಾಳಿಗೆಯಲ್ಲಿ. ಮೊಣಕಾಲು ಕೈಕೊಟ್ಟ ಮೇಲೆ ಅತ್ತೆ ಕೆಳಗಿಳಿಯುವುದು ಡಾಕ್ಟರ ಬಳಿ ಹೋಗಲು ಮಾತ್ರ, ಅದೂ ಮೆಟ್ಟಿಲಿಗೊಮ್ಮೆ ದೇವರನ್ನು ಕರೆಯುತ್ತಾ. ಉಳಿದಂತೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬಟ್ಟೆ ಚೀಲ ಕೆಳಗಿಳಿಯುತ್ತದೆ, ತರಕಾರಿಯವಳು ಬೆಂಡೆಕಾಯಿ, ಕೊತ್ತಂಬರಿ ತುಂಬುತ್ತಾಳೆ, ಚೀಲ ಮೇಲೇರುತ್ತದೆ. ಈಗ ಅದೇ ಕಟ್ಟಡದ ಗ್ರೌಂಡ್ ಫ್ಲೋರಿನ ಮರಾಠಿ ಕಾಕಾ ಮನೆ ಮಾರಿ ಪುಣೆಯ ಮಗಳ ಬಳಿಗೆ ಹೊರಟಿದ್ದರು. ಮೇಲಿನ ಮನೆ ಮಾರಿ ಈ ಗಂಟು ಸೇರಿಸಿದರೆ ಕೆಳಗಿನದು ಸಿಗುತ್ತಿತ್ತು. "ಚೌತಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಗಿರಾಕಿ ಇದ್ದಾರೆ," ಎಂದು ಕಾಕಾ ಅತ್ತೆಗೆ ಹೇಳಿದ್ದರು.

"ಕೆಳಗೆ ಹೋಗುವಾ," ಎಂದರು ಅತ್ತೆ.

"ಗ್ರೌಂಡ್ ಫ್ಲೋರಾ? ಈ ಪರಿಸ್ಥಿತಿಯಲ್ಲಾ?" ಮಾವ ಹೌಹಾರಿದರು. "ಮೊದಲು ಪರಿಸ್ಥಿತಿ ತಿಳಿಯಾಗ್ಲಿ."

ಈ ಪರಿಸ್ಥಿತಿ ಎಂಬುದು ಆ ಮನೆಗೆ ಬಂದು ಹೊರಡುವ ಮಾತೇ ಎತ್ತದ ನೆಂಟನ ಹಾಗೆ ಕೂತುಬಿಟ್ಟಿತ್ತು. ಚುನಾವಣೆ ಬಂದರೆ "ರಿಸಲ್ಟ್ ಬರ್ಲಿ." ರಿಸಲ್ಟ್ ಬಂದರೆ "ಸರ್ಕಾರ ಆಗ್ಲಿ." ಸರ್ಕಾರವಾದರೆ "ನಿಲ್ತದಾ ನೋಡುವಾ." ನಮ್ಮ ರಾಜ್ಯದಲ್ಲಂತೂ ಬೆಳಿಗ್ಗೆ ಈ ಪಕ್ಷದಲ್ಲಿದ್ದವರು ಚಾ ಆರುವುದರೊಳಗೆ ಆ ಪಕ್ಷದಲ್ಲಿರುತ್ತಾರೆ. ಪಾಪ, ಮಾವನಾದರೂ ಏನು ಮಾಡಿಯಾರು!

ಮೊದಲು ಚಿನ್ನ ನೋಡಿದರು. ರೇಟು ಏರಿದಾಗ "ಇಷ್ಟು ರೇಟಿಗೆ ಮಂಡೆ ಸರಿ ಇದ್ದವ ತಗೊಳ್ತಾನಾ?" ಇಳಿದಾಗ "ಇಳೀತಾ ಉಂಟಲ್ಲ, ಇನ್ನೂ ಇಳೀಲಿ." ನಿಂತಲ್ಲೇ ನಿಂತಾಗ? "ಯಾಕೆ ಸುಮ್ನೆ ನಿಂತಿದೆ? ಒಳಗೆ ಎಂತದೋ ಉಂಟು!"

ಆಮೇಲೆ ಜಾಗ. ಹೊಸ ವಿಮಾನ ನಿಲ್ದಾಣದ ಆಚೆ ಪ್ಲಾಟು ತೋರಿಸಲು ಏಜೆಂಟನೊಬ್ಬ ಕಾರಿನಲ್ಲಿ ಕರೆದೊಯ್ದ. ಭದ್ರತೆಗೆಂದು ಮಾವ ನನ್ನನ್ನೂ ಕೂರಿಸಿಕೊಂಡರು. ಮುಟ್ಟಿದ ಮೇಲೆ ನೋಡುತ್ತೇವೆ: ಒಂದು ಬಯಲು, ಬಯಲಿನಲ್ಲಿ ಹೊಂಡ, ಹೊಂಡದಲ್ಲಿ ಒಂದು ಎಮ್ಮೆ.

"ರಸ್ತೆ?" ಎಂದರು ಮಾವ.

"ಆಯೇಗಾ, ಅಂಕಲ್." ಬರುತ್ತದಂತೆ.

"ನೀರು?"

"ಆಯೇಗಾ."

"ಕರೆಂಟು?"

"ಸಬ್ ಆಯೇಗಾ, ಅಂಕಲ್!"

ಮಾವ ಎಮ್ಮೆಯತ್ತ ಕೈ ತೋರಿಸಿದರು. "ಔರ್ ಯೇ?"

"ಯೇ... ಯೇ ಜಾಯೇಗಾ, ಅಂಕಲ್." ಇದು ಹೋಗುತ್ತದಂತೆ.

ಮಾವ ನನ್ನತ್ತ ತಿರುಗಿ ಹೇಳಿದರು: "ಇಲ್ಲಿ ಈಗ ಕಣ್ಣಿಗೆ ಕಾಣುವುದು ಇದೊಂದೇ. ಎಮ್ಮೆಗೆ ಎಷ್ಟು ಅಂತ ಕೇಳು."

ಕೊನೆಗೆ ಉಳಿದದ್ದು ಶೇರು. ಇಲ್ಲಿ ಮಾವನ ಹೋಟೆಲಿನ ವಿದ್ಯೆ ಹೊರಬಿತ್ತು. "ಕಂಪನಿಯವರು ಪೇಪರಲ್ಲಿ ಎಂತ ಬೇಕಾದ್ರೂ ಬರೀತಾರೆ. ಗಿರಾಕಿ ಎರಡನೇ ಚಾ ಹೇಳಿದ ಅಂದ್ರೆ ಅವನ ಮನಸ್ಸಿಗೆ ಸಮಾಧಾನ ಉಂಟು ಅಂತ ಲೆಕ್ಕ. ಗಲ್ಲಾದಿಂದ ಎಷ್ಟು ಜನರನ್ನು ನೋಡಿಲ್ಲ ನಾನು! ಯಾವ ಕಂಪನಿಯ ಕೆಲಸದವರು ಎರಡನೇ ಚಾ ಕುಡೀತಾರೋ ಆ ಕಂಪನಿ ಗಟ್ಟಿ."

ನಂಬುತ್ತೀರೋ ಇಲ್ಲವೋ, ನಾನು ರಜೆ ಹಾಕಿ ಮಾವನೊಂದಿಗೆ ರಬಾಳೆಗೆ ಹೋದೆ. ಒಂದು ಕಾರ್ಖಾನೆಯ ಗೇಟಿನೆದುರು ಚಾ ಅಂಗಡಿಯ ಬೆಂಚಿನಲ್ಲಿ ಪತ್ತೇದಾರರಂತೆ ಕೂತೆವು. ಬಂದರಪ್ಪಾ ಕಾರ್ಮಿಕರು! ಒಬ್ಬೊಬ್ಬರೂ ಎರಡನೇ ಚಾ! ಕೆಲವರು ಮೂರನೆಯದು! ಮಾವನ ಮುಖ ಅರಳಿತು. "ನಾಳೆಯೇ ತಗೊಳ್ಳುವಾ," ಎಂದು ನನ್ನ ಕೈ ಹಿಸುಕಿದರು. ಖುಷಿ ತಡೆಯದೆ, ಪಕ್ಕದಲ್ಲಿ ಕನ್ನಡ ಮಾತಾಡುತ್ತಿದ್ದ ಕಲಬುರಗಿ ಕಡೆಯವನನ್ನು ಕೇಳಿಯೇಬಿಟ್ಟರು, "ನಿಮ್ಮ ಕಂಪನಿ ಭಾರಿ ಜೋರುಂಟಲ್ಲ?"

"ಎಲ್ಲೀದ್ರಿ ಕಾಕಾ!" ಎಂದ ಅವನು. "ಒಳಗ ಮಷಿನ್ ಬಂದ್ ಅದಾವ. ಕೆಲಸ ಇಲ್ಲ, ಅದಕ್ಕ ಕುಂತು ಚಾ ಕುಡ್ಯಾಕತ್ತೀವಿ."

ರಬಾಳೆಯಿಂದ ಹೊರಟೆವು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಮಾವ ಹೇಳಿದರು. "ಲೆಕ್ಕ ತಪ್ಪಿದ್ದಲ್ಲ ಮಾರಾಯ್ತಿ. ಎರಡನೇ ಚಾವನ್ನು ನಗ್ತಾ ಕುಡೀತಾನಾ ಅಂತ ನೋಡ್ಬೇಕಿತ್ತು. ಅದೊಂದು ಬಿಟ್ಟುಹೋಯ್ತು."

ಅಷ್ಟರಲ್ಲಿ ಚೌತಿ ಹತ್ತಿರ ಬಂತು. ಅತ್ತೆ ಕೇಳುವುದನ್ನು ನಿಲ್ಲಿಸಿಬಿಟ್ಟಿದ್ದರು. ಅದೇ ನನಗೆ ಸಂಕಟ. ಹಬ್ಬದ ಮುಂಚಿನ ಭಾನುವಾರ ನಾನು ಹೋದಾಗ ಮಾವ ಗೇಟಿನ ಪಕ್ಕದ ಚಾ ಅಂಗಡಿಯಲ್ಲಿ, ಅದೇ ಗ್ರೌಂಡ್ ಫ್ಲೋರಿನ ಕಾಕಾನಿಗೆ ಪರಿಸ್ಥಿತಿಯ ಬಗ್ಗೆ ಪಾಠ ಮಾಡುತ್ತಿದ್ದರು. ಮಾವ ಮೇಲೆ ನೋಡಿ "ಕನ್ನಡಕ!" ಎಂದು ಕೂಗಿದರು. ಚೀಲದಲ್ಲಿ ಕನ್ನಡಕ ಇಳಿಯಿತು. ಮೋಡ ಕಂಡು ಅತ್ತೆ ತಾವಾಗಿಯೇ ಕೊಡೆ ಇಳಿಸಿದರು. ಆಮೇಲೆ ಬಿ.ಪಿ. ಮಾತ್ರೆ ಇಳಿಯಿತು. ಅದರ ಹಿಂದೆಯೇ ಮಾತ್ರೆ ನುಂಗಲು ನೀರೂ ಇಳಿಯಿತು! ಅಂಗಡಿಯವ ಅಂದು ಶುಂಠಿ ಜಜ್ಜಿ ಹಾಕಿದ್ದ. ಒಂದು ಗುಟುಕು ಕುಡಿದದ್ದೇ ಮಾವ ಎಲ್ಲ ಮರೆತು ಮೇಲೆ ನೋಡಿದರು.

"ಏ, ಚಾ ಭಾರಿ ಲಾಯ್ಕುಂಟು! ನೀನೂ ಇಳಿದು ಬಾ!"

ನಾಲ್ಕನೇ ಮಾಳಿಗೆಯಿಂದ ಅತ್ತೆ ಖಾಲಿ ಚೀಲ ಎತ್ತಿ ತೋರಿಸಿದರು. "ಬರ್ತೇನೆ. ಸ್ವಲ್ಪ ದೊಡ್ಡ ಚೀಲ ತಂದುಕೊಡಿ!"

ಕನ್ನಡ ಬಾರದ ಕಾಕಾ ಕೂಡ ಚೀಲ ನೋಡಿ ನಕ್ಕರು. ನಾನೂ ನಕ್ಕೆ. ಅತ್ತೆಯೂ ನಕ್ಕರು. ಮಾವ ನಗಲಿಲ್ಲ. ಮೇಲೆ ನೋಡುತ್ತಾ ಹಾಗೇ ನಿಂತರು. ಅರ್ಧ ಚಾ ಬೆಂಚಿನ ಮೇಲೆ ಇಟ್ಟು, ಕಾಕಾನ ಕೈ ಹಿಡಿದು, "ಕಾಕಾ, ಆಪ್‌ಕಾ ಘರ್ ಹಮ್ಕೋ ದೇ ದೋ," ಎಂದು ಅವರ ಮನೆಯನ್ನು ಕೇಳಿಯೇಬಿಟ್ಟರು.

ನನಗೆ ನಾಲಿಗೆ ಸುಮ್ಮನಿರಬೇಕಲ್ಲ! "ಮಾವ, ಪರಿಸ್ಥಿತಿ?" ಎಂದೆ.

"ಅದು ಇಲ್ಲೇ ಇರ್ತದೆ, ಎಲ್ಲಿಗೂ ಹೋಗುದಿಲ್ಲ. ಅವಳ ಮೊಣಕಾಲು ಕಾಯ್ತದಾ?"

ದಸರೆ ಕಳೆದ ಮೇಲೆ ಮನೆ ಬದಲಿಸಿದರು. ಅಂದೇ ಎಲ್ಲೋ ಹೊಸದಾಗಿ ಯುದ್ಧ ಶುರುವಾಗಿ, ಶೇರು ಬಿದ್ದು, ಚಿನ್ನ ಏರಿತಂತೆ. ಮಾವ ಟಿವಿ ಹಾಕಲಿಲ್ಲ. ಟಿವಿ ಇನ್ನೂ ಗೋಣಿಯಲ್ಲೇ ಇತ್ತು ಅನ್ನುವುದೂ ನಿಜವೇ.

ಸಂಜೆ ಅತ್ತೆ ಹೊಸ ಚಪ್ಪಲಿ ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ, ನಿಧಾನವಾಗಿ ಗೇಟಿನವರೆಗೆ ನಡೆದರು. ತರಕಾರಿಯವಳು ಕಣ್ಣರಳಿಸಿ, "ಆ ಚೀಲದ ಕಾಕೂ ನೀವೇನಾ?" ಎಂದು ಮರಾಠಿಯಲ್ಲಿ ಕೇಳಿದಳು. ಅತ್ತೆ ಅವಳ ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ಹಿಡಿದು, ಮೂಸಿ, ತಿರುಗಿಸಿ, ಬಾಯ್ತುಂಬ ಜಗಳವಾಡಿದರು. ಎಷ್ಟು ವರ್ಷಗಳ ಬಾಕಿಯೋ! ಆಮೇಲೆ ಬೆಂಚಿನಲ್ಲಿ ಮಾವನ ಪಕ್ಕ ಕೂತು ಚಾ ಕುಡಿದರು. ಗ್ಲಾಸು ಖಾಲಿಯಾಯಿತು. ಬೀದಿಯಲ್ಲಿ ಹೋಗಿಬರುವವರನ್ನು ನೋಡುತ್ತಾ, ಮುಖದ ತುಂಬ ನಗುತ್ತಾ, ಅತ್ತೆ ಮೆಲ್ಲಗೆ ಕೇಳಿದರು:

"ಇನ್ನೊಂದು ಹೇಳ್ತೀರಾ?"

ನನ್ನ ಕಣ್ಣು ತುಂಬಿಬಂತು. ಮಾವ ಎರಡನೇ ಚಾ ಹೇಳಿ, ನನ್ನ ಕಡೆ ಬಾಗಿದರು.

"ನಗ್ತಾ ಕೇಳಿದಳು, ನೋಡಿದೆಯಲ್ಲ? ಕಂಪನಿ ಗಟ್ಟಿ ಉಂಟು."