ಮನೆಯವರು ಸಿಗರೇಟು ಬಿಟ್ಟ ವರ್ಷ

ಗಂಡಸೊಬ್ಬ ಸಿಗರೇಟು ಬಿಟ್ಟರೆ ಅವನೊಬ್ಬನೇ ಕಷ್ಟಪಡುತ್ತಾನೆ ಎಂದು ತಿಳಿಯಬೇಡಿ. ಬಾಳೆಗುಳಿಯ ನಮ್ಮ ಮನೆಯಲ್ಲಿ ನಾನು, ಮೀನು ಮಾರುವವಳು, ಮನೆದೇವರು ಎಲ್ಲರೂ ಅದನ್ನು ಅನುಭವಿಸಿದ್ದೇವೆ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು.

ಡಾಕ್ಟರ ಡ್ರಾಯರು

ಶುರುವಾದದ್ದು ಚಿತ್ತಾಕುಲದ ನನ್ನ ತವರಿನಲ್ಲಿ. ಅಲ್ಲಿ ಸಮುದ್ರಕ್ಕೆ ರಂಪಣಿ ಬಲೆ ಬಿಟ್ಟು, ಅದರ ಹಗ್ಗವನ್ನು ದಡದಿಂದ ಎಳೆಯುತ್ತಾರೆ. ಯಾರು ಕೈಹಾಕಿದರೂ ಮೀನಿನಲ್ಲಿ ಪಾಲುಂಟು. ಊರ ಅಳಿಯನೆಂಬ ಹುರುಪಿನಲ್ಲಿ ನಮ್ಮವರೂ ಹಗ್ಗ ಹಿಡಿದರು. ಬಲೆ ಅರ್ಧ ಬರುವಷ್ಟರಲ್ಲಿ ಕೆಮ್ಮು ಹತ್ತಿ ಮರಳಲ್ಲಿ ಕೂತೇಬಿಟ್ಟರು.

"ಭಾವಾ, ನೀವು ಹೆಂಗಸರ ಸಂಗಡ ಬುಟ್ಟಿ ಹಿಡ್ಕಂಡು ಕೂತ್ಕಳಿ" ಎಂದ ನನ್ನ ತಮ್ಮ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇವರ ತುಟಿ ಕಪ್ಪಿಟ್ಟಿತ್ತು. ಈ ಮನುಷ್ಯ ಎಷ್ಟು ಕಾಲ ನನ್ನ ಜೊತೆಗಿರುತ್ತಾರೋ ಎಂದು ಹೆದರಿಕೆಯಾಯಿತು.

ಮರುದಿನವೇ ಕಾರವಾರದ ಒಬ್ಬ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದೆ. ಅವರು ಎದೆ ಪರೀಕ್ಷಿಸಿ, "ಇವತ್ತೇ ಬಿಟ್ರೆ ಉಸಿರು ಸುಧಾರಿಸ್ತದೆ. ತಡ ಮಾಡಿದ್ರೆ ನಾನೂ ಏನೂ ಮಾಡೂಕಾಗೂದಿಲ್ಲ" ಎಂದರು. ನಮ್ಮವರು ಕಿಸೆಯ ಪ್ಯಾಕನ್ನು ಅಲ್ಲೇ ಮೇಜಿನ ಮೇಲಿಟ್ಟರು. ಡಾಕ್ಟರು ಅದನ್ನು ಗಡಬಡಿಸಿ ಡ್ರಾಯರಿಗೆ ಸೇರಿಸಿದರು.

ಹೊರಗೆ ಬಂದ ಮೇಲೆ ನಮ್ಮವರು ಮೆಲ್ಲಗೆ ಹೇಳಿದರು: "ಡ್ರಾಯರಲ್ಲಿ ಅದೇ ಪ್ಯಾಕು ಇನ್ನೊಂದಿತ್ತು ಮಾರಾಯ್ತಿ."

ದೀಪ

ದಿನಾ ಸಂಜೆ ದೇವರ ದೀಪ ಹಚ್ಚಲು ಇವರ ಅಂಗಿಯ ಕಿಸೆಯಿಂದಲೇ ನಾನು ಬೆಂಕಿಪೆಟ್ಟಿಗೆ ತೆಗೆಯುತ್ತಿದ್ದದ್ದು. ಬಿಟ್ಟ ಹೊಸತರಲ್ಲಿ ಒಂದು ಸಂಜೆ ಕರೆಂಟು ಹೋಯಿತು. ಕತ್ತಲಲ್ಲಿ ಅಭ್ಯಾಸದಂತೆ ಗೂಟದ ಅಂಗಿಗೆ ಕೈಹಾಕಿದರೆ ಕೈತುಂಬ ಪೆಪ್ಪರಮಿಂಟು. ಪಕ್ಕದ ಮನೆಗೆ ಹೋಗಿ ಬೆಂಕಿಪೆಟ್ಟಿಗೆ ಕೇಳಿದೆ. ಆ ಮನೆಯಾಕೆಗೆ ನಗು: "ನಮ್ಮನೇದೂ ಖಾಲಿ. ನಿಮ್ಮವರ ಹತ್ರ ಕೇಳೂಕೆ ನಾನೇ ಹೊರಟಿದ್ದೆ!"

ಆ ದಿನ ದೇವರಿಗೆ ದೀಪವಿಲ್ಲ, ಪೆಪ್ಪರಮಿಂಟಿನ ನೈವೇದ್ಯ ಮಾತ್ರ.

ಮೂಗು

ಸಿಗರೇಟು ಹೋಗಿ ಮೂಗು ಬಂತು. ಮದುವೆಯಾದಾಗಿನಿಂದ ನಾನು ಬಡಿಸಿದ್ದನ್ನೆಲ್ಲ "ಫಸ್ಟ್‌ಕ್ಲಾಸ್" ಎಂದು ಉಂಡವರು ಈಗ ಸಾರಿನ ಹುಳಿ, ಕೊಬ್ಬರಿ ಎಣ್ಣೆಯ ಕಮಟು ಎಂದು ಶುರುಮಾಡಿದರು. ಸಿಟ್ಟು ಬರುತ್ತಿತ್ತು. ಆದರೆ ಎರಡು ಸಲ ಅನ್ನ ಹಾಕಿಸಿಕೊಂಡು, ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುವುದನ್ನು ನೋಡಿದರೆ ಸಿಟ್ಟು ಇಳಿದುಹೋಗುತ್ತಿತ್ತು.

ಬುಟ್ಟಿ ಹೊತ್ತು ಬರುವ ಮೀನಿನವಳ ಪಾಡು ನನಗಿಂತ ಕಷ್ಟ. ಅವಳು ಅಂಗಳದಲ್ಲಿ ಬುಟ್ಟಿ ಇಳಿಸುವ ಮೊದಲೇ ನಮ್ಮವರು ಒಳಗಿನಿಂದ, "ಇದು ನಿನ್ನೇದು!" ಎನ್ನುವರು.

ಒಂದು ದಿನ ಅವಳು ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು: "ಅಕ್ಕೋರೇ, ಒಡೇರು ಸಿಗರೇಟು ಬಿಟ್ಟದ್ದು ಬಾಳ ಚೊಲೋ ಆಯ್ತು. ಆದ್ರೆ ಸ್ವಲ್ಪ ನಶ್ಯನಾದ್ರೂ ಏರಿಸೂಕೆ ಹೇಳಿ."

ಮತ್ತೆ ಚಿತ್ತಾಕುಲ

ಮುಂದಿನ ವರ್ಷ ರಂಪಣಿ ಬಿಟ್ಟ ಸುದ್ದಿ ತಿಳಿದದ್ದೇ ತಡ, ಇವರು ಅಂಗಿ ತೋಳು ಮಡಚಿದರು. ನಾನು ಬುಟ್ಟಿ ಹಿಡಿದು ದಡದಲ್ಲಿ ನಿಂತೆ. ಕಣ್ಣು ಬಲೆಯ ಮೇಲಿರಲಿಲ್ಲ, ಇವರ ಬೆನ್ನಿನ ಮೇಲಿತ್ತು. ಈಗ ಕೆಮ್ಮುತ್ತಾರೆ, ಈಗ ಕೂರುತ್ತಾರೆ ಎಂದು ಜೀವ ಹಿಡಿದುಕೊಂಡೆ. ಕೂರಲಿಲ್ಲ. ಬಲೆ ಪೂರ್ತಿ ದಡಕ್ಕೆ ಬಂತು, ಮೀನು ಮರಳಲ್ಲಿ ಚಡಪಡಿಸಿತು. ಇವರು ಬೆವರು ಒರೆಸಿಕೊಂಡು ನನ್ನ ಕಡೆ ನೋಡಿ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು.

ಆಗಲೇ ಪೇಚಿಗಿಟ್ಟುಕೊಂಡಿತು. ಬಲೆಯ ಮುಖ್ಯಸ್ಥ ತಾಂಡೇಲನದ್ದೊಂದು ಪದ್ಧತಿ: ಕೊನೆತನಕ ಎಳೆದವರಿಗೆ ಪಾಲಿನ ಜೊತೆ ಒಂದು ಬೀಡಿಯ ಮರ್ಯಾದೆ. ಹೋದ ವರ್ಷ ಕೂತುಬಿಟ್ಟವರಿಗೆ ಅದು ಸಿಕ್ಕಿರಲಿಲ್ಲ. ಈ ಸಲ ತಾಂಡೇಲ ಎಲ್ಲರಿಗೂ ಹಂಚುತ್ತ ಬಂದು ಇವರಿಗೂ ಚಾಚಿ, "ತಕಳಿ ಅಳಿಯಂದ್ರೇ, ಗೆದ್ರಿ!" ಎಂದ.

ಇವರು ಬೀಡಿ ತೆಗೆದುಕೊಂಡರು. ನನ್ನ ಕೈಯ ಬುಟ್ಟಿ ಜಾರಿತು. ಇವರು ಅದನ್ನು ಮೂಗಿಗೆ ಹಿಡಿದರು, ಮೂಸಿದರು. ಮುಖ ಹಿಂಡಿ ಅದನ್ನು ತಾಂಡೇಲನ ಅಂಗೈಗೇ ಇಟ್ಟರು.

"ಇದು ಬೇಡ. ಬದಲಿಗೆ ಇನ್ನೆರಡು ಬಂಗಡೆ ಹಾಕು."

ತಾಂಡೇಲ ಎರಡು ಎತ್ತಿ ಹಾಕಿದ. ಅದನ್ನು ಕಂಡದ್ದೇ ನನ್ನ ತಮ್ಮ ಕಿವಿಗೆ ಸಿಕ್ಕಿಸಿಕೊಂಡಿದ್ದ ಬೀಡಿ ತೆಗೆದು ಮುಂದೆ ಹಿಡಿದ: "ನನಗೂ ಬೇಡ. ಬಂಗಡೆ." ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ನೋಡುನೋಡುತ್ತ ತಾಂಡೇಲನ ಕೈಯಲ್ಲಿ ಬೀಡಿ ತುಂಬಿತು, ಎದುರಿನ ಮೀನಿನ ರಾಶಿ ಕರಗಿತು.

ಅವನು ತಲೆಯ ಮೇಲೆ ಕೈಹೊತ್ತು ನನ್ನ ತಮ್ಮನಿಗೆ ಹೇಳಿದ: "ಮುಂದಿನ ಸಲ ನಿನ್ನ ಭಾವನ್ನ ಹಗ್ಗದ ಹತ್ರ ಬಿಡಬೇಡ ಮಾರಾಯಾ. ಕೆಮ್ಮೂ ಅಳಿಯನೇ ನಮಗೆ ಸೋವಿ ಬೀಳ್ತಿದ್ದ!"